ಹಾಡು ಎಲ್ಲಿ ಅಡಗಿತ್ತು ಹೇಳಿ!

ಒಂದು ಒಗಟು. ಬಿಡಿಸಿ ನೋಡೋಣ!

ಚಿಕ್ಕಪ್ಪನ ನಿವೃತ್ತಿ ಸಮಾರಂಭ. ಹಳೇ ಫೋಟೊಗಳನ್ನೆಲ್ಲ ಪೋಣಿಸಿ ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ಶೋ ಮಾಡಿದ್ದೆ. ಹಿನ್ನೆಲೆಗೆ ಅವರ ಮೆಚ್ಚಿನ ಹಾಡು. ಮನೆ ಕಂಪ್ಯೂಟರಿನಲ್ಲಿ ಹತ್ತು ಸಲ ಓಡಿಸಿ ನೋಡಿದ್ದೆ. ಪೆನ್‌ಡ್ರೈವ್ ಜೇಬಿಗಿಳಿಸಿ ಹೊರಟೆ. ಸಭಾಂಗಣದ ಲ್ಯಾಪ್‌ಟಾಪಿಗೆ ಚುಚ್ಚಿದೆ. ಫೋಟೊ ಬಂತು. ಸ್ಪೀಕರ್ ಚಿತ್ರ ಬಂತು. ಹಾಡು? ಉಸಿರೇ ಇಲ್ಲ!

ಕೇಬಲ್ ಅಲ್ಲಾಡಿಸಿದೆ. ವಾಲ್ಯೂಮ್ ಏರಿಸಿದೆ. ಊಹೂಂ! ಹಾಡು ಎಲ್ಲಿ ಹೋಯಿತು? ಊಹಿಸಿ!

ಎಲ್ಲೂ ಹೋಗಿರಲಿಲ್ಲ. ಮನೆ ಬಿಟ್ಟು ಹೊರಟೇ ಇರಲಿಲ್ಲ! ನನ್ನ ಫೈಲಿನೊಳಗಿದ್ದದ್ದು ಹಾಡಲ್ಲ, ಹಾಡಿನ ವಿಳಾಸ! ಇಂಥ ಡ್ರೈವ್, ಇಂಥ ಫೋಲ್ಡರ್, ಇಂಥ ಹೆಸರು. ಅಷ್ಟೇ. ಪಾಪದ ಲ್ಯಾಪ್‌ಟಾಪ್ ಆ ಚೀಟಿ ಹಿಡಿದು ತನ್ನೊಳಗೇ ಹುಡುಕಿತು. ಆ ಬೀದಿಯೇ ಅಲ್ಲಿಲ್ಲ!

2007ರ ಪವರ್‌ಪಾಯಿಂಟ್‌ವರೆಗೂ ಇದೇ ಕತೆ. ವೇವ್ ಫೈಲನ್ನು ಮಾತ್ರ ಅದು ಒಡಲಿಗೆ ಹಾಕಿಕೊಳ್ಳುತ್ತಿತ್ತು. ಎಂಪಿ3 ಎಷ್ಟೇ ಪುಟ್ಟದಿರಲಿ, ಬಾಗಿಲ ಹೊರಗೆ!

ವೇವ್‌ಗಾದರೂ ಸಲೀಸೇ? ಅದಕ್ಕೂ ಮಿತಿ. ನಾವು ಬದಲಿಸದಿದ್ದರೆ 100 ಕೆಬಿ. ಅಷ್ಟರಲ್ಲಿ ಸಿಡಿ ಗುಣಮಟ್ಟದ ಸದ್ದು ಎಷ್ಟು ಹೊತ್ತಿನದು ಹಿಡಿಸೀತು? ಒಂದು ಚರಣ? ಒಂದು ಸಾಲು?

ಸಿಡಿ ಸದ್ದು ಸೆಕೆಂಡಿಗೆ 1,76,400 ಬೈಟ್ ನುಂಗುತ್ತದೆ. ಲೆಕ್ಕ ಹಾಕಿ ಬೆಚ್ಚಿದೆ. 0.58 ಸೆಕೆಂಡ್! ಗಾಯಕ ಬಾಯಿ ತೆರೆಯುವಷ್ಟರಲ್ಲಿ ಕೋಟಾ ಖಾಲಿ! ಮಿತಿಯನ್ನು 50,000 ಕೆಬಿವರೆಗೆ ಏರಿಸಬಹುದಿತ್ತಂತೆ. ಸೆಟ್ಟಿಂಗಿನ ಆ ಮೂಲೆಗೆ ಯಾರು ಹೋಗುತ್ತಾರೆ ಸ್ವಾಮಿ?

ಜಾಣರು ಹೋದರು! ಅಷ್ಟೇ ಅಲ್ಲ, ಎಂಪಿ3ಗೇ ವೇಷ ಹಾಕಿಸಿದರು! ವೇವ್ ಫೈಲಿನ ನೆತ್ತಿಯ ಮೇಲೆ ನಾಲ್ಕು ಅಕ್ಷರ ಇರುತ್ತವೆ: ಆರ್, ಐ, ಎಫ್, ಎಫ್. ಅದೇ ಅದರ ಗುರುತಿನ ಚೀಟಿ. ಇವರು ನೂರು ಬೈಟೂ ಆಗದ ಅಂಥದೊಂದು ಟೋಪಿಯನ್ನು ಎಂಪಿ3 ತಲೆಗಿಟ್ಟು ಒಳಗೆ ಕಳಿಸಿದರು. ಪವರ್‌ಪಾಯಿಂಟ್ ಟೋಪಿ ನೋಡಿತು, ಬಾಗಿಲು ತೆರೆಯಿತು! ನಮ್ಮ ಬಯಲಾಟದವರೂ ಇಷ್ಟು ಅಗ್ಗದಲ್ಲಿ ವೇಷ ಕಟ್ಟಿರಲಿಕ್ಕಿಲ್ಲ.

2010ರಲ್ಲಿ ಈ ಆಟ ಮುಗಿಯಿತು. ಅಂದಿನಿಂದ ನಾವೇ ಬೇಡವೆನ್ನದಿದ್ದರೆ ಹಾಡು ಫೈಲಿನೊಳಗೇ ಸೇರುತ್ತದೆ.

ನಂಬಿಕೆ ಬರಲಿಲ್ಲವೇ? ನನಗೂ ಬಂದಿರಲಿಲ್ಲ! ಮೊನ್ನೆ ಆ ಸ್ಲೈಡ್ ಶೋವನ್ನು ಹೊಸದಾಗಿ ಕಟ್ಟಿದೆ. ಒಂದು ಪ್ರತಿ ತೆಗೆದು ನೋಟ್‌ಪ್ಯಾಡ್‌ನಲ್ಲಿ ತೆರೆದೆ. ತುಂಬ ಕಸಕಡ್ಡಿ ಅಕ್ಷರ. ಆದರೆ ಮೊಟ್ಟಮೊದಲ ಎರಡು ಸ್ಪಷ್ಟ: ಪಿ, ಕೆ. ಯಾರು ಗೊತ್ತೇ? ಫಿಲ್ ಕ್ಯಾಟ್ಜ್! 1989ರಲ್ಲಿ ಜಿಪ್ ಕೊಟ್ಟ ಮಹಾಶಯ. ನಮ್ಮ ಪವರ್‌ಪಾಯಿಂಟಿನ ಪಿಪಿಟಿಎಕ್ಸ್ ಫೈಲು ಅಸಲಿಗೆ ಜಿಪ್ ಗಂಟು!

ನೀವೂ ಮಾಡಿ. ಪ್ರತಿಯ ಹೆಸರಿನ ಬಾಲ ಕತ್ತರಿಸಿ 'ಜಿಪ್' ಎಂದು ಬರೆಯಿರಿ. ವಿಂಡೋಸ್ ಗದರುತ್ತದೆ, ಗದರಲಿ. ತೆರೆಯಿರಿ. ಪಿಪಿಟಿ ಫೋಲ್ಡರ್. ಅದರೊಳಗೆ ಮೀಡಿಯಾ ಫೋಲ್ಡರ್. ಅಲ್ಲಿ ಫೋಟೊ ಮಾತ್ರ ಇದ್ದರೆ ಹಾಡು ಇನ್ನೂ ಮನೆಯಲ್ಲೇ ಇದೆ ಅಂತ ಲೆಕ್ಕ. ಪೆನ್‌ಡ್ರೈವ್ ಕೀಳಬೇಡಿ!

ನಾನು ಇಣುಕಿದೆ. ಚಿಕ್ಕಪ್ಪನ ಮೀಸೆ ಫೋಟೊ, ಮದುವೆ ಫೋಟೊ, ಸ್ಕೂಟರ್ ಫೋಟೊ. ಸಾಲಿನ ಕೊನೆಗೆ 'ಮೀಡಿಯಾ1.ಎಂಪಿ3'. ಎರಡು ಸಲ ಒತ್ತಿದೆ. ಹಾಡತೊಡಗಿತು!