ಮುರುಗಮಲ್ಲಕ್ಕೂ ಬಂದಿದ್ದ ಅಂಡರ್‌ಟೇಕರ್

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲ ಎಂದೊಡನೆ ಎಲ್ಲರಿಗೂ ನೆನಪಾಗುವುದು ಅಮ್ಮಾಜಾನ್–ಬಾವಾಜಾನ್ ದರ್ಗಾ. ಮುಕ್ತೀಶ್ವರ ಸ್ವಾಮಿ ದೇವಸ್ಥಾನವೂ ಇಲ್ಲೇ ಇದೆ. ಹಿಂದೂಗಳು, ಮುಸ್ಲಿಮರು ಎನ್ನದೆ ಹರಕೆ ಹೊತ್ತವರೆಲ್ಲ ಬಂದು ಸೇರುವ ಊರು. ಸಂತೆಯ ಮಾತಿನಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕಲಸಿಹೋಗಿರುವ ಸೀಮೆ. ಇಲ್ಲಿ ನಿಂತು ಅಮೆರಿಕದ ಟೆಕ್ಸಾಸ್‌ನ ಮಾರ್ಕ್ ಕ್ಯಾಲವೇ ಗೊತ್ತೇ ಎಂದು ಕೇಳಿದರೆ ಯಾರೂ ಹೂಂಗುಡುವುದಿಲ್ಲ. ‘ಅಂಡರ್‌ಟೇಕರ್’ ಎನ್ನಿ ಸಾಕು. ಮೂವತ್ತು ದಾಟಿದ ಗಂಡಸರು ಕಣ್ಣುಗುಡ್ಡೆಯನ್ನು ಮೇಲಕ್ಕೆ ಹೊರಳಿಸಿ, ನಾಲಿಗೆ ಹೊರಚಾಚಿ, ಹೆಬ್ಬೆರಳಿನಿಂದ ಕತ್ತು ಕುಯ್ಯುವ ಸನ್ನೆ ಮಾಡಿ ತೋರಿಸುತ್ತಾರೆ.

ವೃತ್ತಿಪರ ಕುಸ್ತಿ, ಅಂದರೆ ನಮ್ಮ ಹುಡುಗರ ಬಾಯಲ್ಲಿ ‘ಡಬ್ಲ್ಯುಡಬ್ಲ್ಯುಎಫ್’, ಜನಸಾಮಾನ್ಯರಿಗೆ ಎಷ್ಟು ಗೊತ್ತು ಎಂಬುದಕ್ಕೆ ಇಷ್ಟು ಅಗಲವಾದ, ಇಷ್ಟೇ ಅರ್ಧಂಬರ್ಧವಾದ ಉತ್ತರ ಬೇರೆ ಇರಲಾರದು. ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ಹೊತ್ತು ಬರುವವರಿಗೂ, ಟೊಮೆಟೊ ಕ್ರೇಟು ಜೋಡಿಸುವವರಿಗೂ ಹಲ್ಕ್ ಹೋಗನ್, ರಾಕ್, ಕೇನ್ ಗೊತ್ತು. ಸಂಸ್ಥೆಯ ಹೆಸರು 2002ರ ಮೇ ತಿಂಗಳಲ್ಲೇ ಡಬ್ಲ್ಯುಡಬ್ಲ್ಯುಇ ಆಯಿತು ಎಂಬುದು ಮಾತ್ರ ಇನ್ನೂ ಅನೇಕರ ನಾಲಿಗೆಗೆ ತಲುಪಿಲ್ಲ. ವನ್ಯಜೀವಿ ಸಂರಕ್ಷಣೆಯ ವರ್ಲ್ಡ್ ವೈಡ್ ಫಂಡ್ ಫಾರ್ ನೇಚರ್ (ಡಬ್ಲ್ಯುಡಬ್ಲ್ಯುಎಫ್) ಅದೇ ಮೂರಕ್ಷರಗಳಿಗಾಗಿ ಕೋರ್ಟಿಗೆ ಹೋಗಿ ಗೆದ್ದಿದ್ದರಿಂದ ಆದ ಬದಲಾವಣೆ ಅದು.

ಈ ಖ್ಯಾತಿ ಹಳ್ಳಿಗಳಿಗೆ ತಲುಪಿದ್ದು ಟಿ.ವಿ.ಯಿಂದ ಎಂದು ಹೇಳುವುದು ವಾಡಿಕೆ. ಅರ್ಧ ಶ್ರೇಯಸ್ಸು ಟ್ರಂಪ್ ಕಾರ್ಡಿಗೆ ಸಲ್ಲಬೇಕು. ತೊಂಬತ್ತರ ದಶಕದಲ್ಲಿ ಕೇಬಲ್ ತಂತಿ ಪಟ್ಟಣ ದಾಟಿ ಬರುವುದಕ್ಕೆ ಮುಂಚೆಯೇ ಜಾತ್ರೆಯ ಆಟಿಕೆ ಅಂಗಡಿಗಳಲ್ಲಿ, ಶಾಲೆ ಮುಂದಿನ ಪೆಟ್ಟಿಗೆ ಅಂಗಡಿಗಳಲ್ಲಿ ಆ ಪುಟ್ಟ ಕಟ್ಟು ಸಿಗುತ್ತಿತ್ತು. ಒಂದೊಂದು ಕಾರ್ಡಿನ ಮೇಲೂ ಒಬ್ಬ ಪೈಲ್ವಾನನ ಬಣ್ಣದ ಚಿತ್ರ. ಕೆಳಗೆ ರ‍್ಯಾಂಕ್, ಹೈಟ್, ವೇಯ್ಟ್, ಚೆಸ್ಟ್, ಬೈಸೆಪ್ಸ್, ಫೈಟ್ಸ್ ಫಾಟ್, ಫೈಟ್ಸ್ ವನ್. ಎಲೆ ಹಂಚಿದಂತೆ ಹಂಚಿಕೊಂಡು ಒಬ್ಬ ತನ್ನ ಮೇಲಿನ ಕಾರ್ಡು ನೋಡಿ ‘ಚೆಸ್ಟ್!’ ಎಂದು ಕೂಗಬೇಕು. ಯಾರ ಕಾರ್ಡಿನಲ್ಲಿ ಅಂಕಿ ದೊಡ್ಡದೋ ಅವನಿಗೆ ಎಲ್ಲರ ಕಾರ್ಡು. ರ‍್ಯಾಂಕ್‌ನಲ್ಲಿ ಮಾತ್ರ ಸಣ್ಣ ಅಂಕಿಗೆ ಗೆಲುವು. ಸರ್ಕಾರಿ ಕನ್ನಡ ಶಾಲೆಗಳಲ್ಲಿ ಆಗ ಐದನೇ ತರಗತಿಗೆ ಬಂದ ಮೇಲೇ ಇಂಗ್ಲಿಷ್ ಶುರುವಾಗುತ್ತಿದ್ದುದು. ಅದಕ್ಕೂ ಮೊದಲೇ ಎಷ್ಟೋ ಮಕ್ಕಳು ಬೈಸೆಪ್ಸ್ ಎಂಬ ಪದವನ್ನು ಈ ಕಾರ್ಡಿನಿಂದ ಕಲಿತರು, ಅಂಕಿ ಹೋಲಿಸಿ ನೋಡುವುದನ್ನೂ ಕಲಿತರು. ಒಂದು ಕುಸ್ತಿಯನ್ನೂ ಕಣ್ಣಾರೆ ಕಾಣದೆ ಇಪ್ಪತ್ತು–ಮೂವತ್ತು ಜಟ್ಟಿಗಳ ಎದೆ ಸುತ್ತಳತೆಯನ್ನು ಬಾಯಿಪಾಠ ಒಪ್ಪಿಸಬಲ್ಲ ಹುಡುಗರು ಬೀದಿಗೊಬ್ಬರು ಇದ್ದರು.

ಆ ಕಾರ್ಡುಗಳ ಹಿಂದಿನ ಮನುಷ್ಯರ ಕಥೆ ಕಾರ್ಡಿಗಿಂತ ಸ್ವಾರಸ್ಯದ್ದು. ಎಂಟು ಅಡಿ ಎತ್ತರದವನೆಂದು ಸಂಸ್ಥೆ ಸಾರುತ್ತಿದ್ದ ಜೈಂಟ್ ಗೊಂಜಾಲೆಜ್ ನಿಜಕ್ಕೂ ಏಳೂವರೆ ಅಡಿಯ ಆಸುಪಾಸಿನವನು. ಅರ್ಜೆಂಟೀನಾದ ಈ ಹೊರ್ಹೆ ಗೊಂಜಾಲೆಜ್ ಬ್ಯಾಸ್ಕೆಟ್‌ಬಾಲ್ ಆಟಗಾರ; 1988ರಲ್ಲಿ ಅಟ್ಲಾಂಟಾ ಹಾಕ್ಸ್ ತಂಡ ಅವನನ್ನು ಆಯ್ಕೆ ಮಾಡಿಕೊಂಡಿತ್ತು. ಅಲ್ಲಿಂದ ಕುಸ್ತಿಗೆ ಬಂದವನಿಗೆ ಸ್ನಾಯುಗಳನ್ನೂ ರೋಮವನ್ನೂ ಬಣ್ಣದಲ್ಲಿ ಬಿಡಿಸಿದ ಮೈಗಂಟುವ ಉಡುಪು ತೊಡಿಸಿ ರಿಂಗಿಗೆ ಇಳಿಸಿದರು. ಜಪಾನಿನ ಸುಮೋ ಜಟ್ಟಿ ಎಂದೇ ಮಕ್ಕಳು ನಂಬಿದ್ದ ಯೊಕೊಜುನಾ ಸಮೋವಾ ಮೂಲದ ಕುಟುಂಬದವನು, ಹುಟ್ಟಿದ್ದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಅಂಡರ್‌ಟೇಕರ್ ‘ಡೆತ್ ವ್ಯಾಲಿ’ಯಿಂದ ಬಂದವನೆಂದು ಪ್ರತಿ ಸಲವೂ ಘೋಷಣೆ, ಊರು ಹ್ಯೂಸ್ಟನ್.

ಅಂಡರ್‌ಟೇಕರ್ ಏಳು ಸಲ ಸತ್ತು ಬದುಕಿ ಬಂದಿದ್ದಾನೆ ಎಂಬ ಮಾತು ಆ ಕಾಲದಲ್ಲಿ ದೇಶವಿಡೀ ಹಬ್ಬಿತ್ತು. ಬೆಂಗಳೂರಿನ ಕಾನ್ವೆಂಟಿನಲ್ಲೂ, ಚಿಂತಾಮಣಿ ಕಡೆಯ ಹಳ್ಳಿಯ ಜಗಲಿಯಲ್ಲೂ ಅದೇ ಕಥೆ, ಅದೇ ಏಳರ ಲೆಕ್ಕ. ಬುಡವಿಲ್ಲದ ಪುಕಾರು ಅದಾಗಿರಲಿಲ್ಲ. 1990ರ ನವೆಂಬರ್ 22ರಂದು ಮೊದಲ ಬಾರಿಗೆ ಕಾಣಿಸಿಕೊಂಡ ಆತನನ್ನು 1994ರ ಜನವರಿಯಲ್ಲಿ ಯೊಕೊಜುನಾ ಮತ್ತು ಜೊತೆಗಾರರ ದಂಡು ಸೇರಿ ಶವಪೆಟ್ಟಿಗೆಗೆ ತುರುಕಿ ಮುಚ್ಚಳ ಹಾಕಿತು. ಅವನ ಆತ್ಮವೇ ಮೇಲಕ್ಕೇರುವಂತೆ ತೋರಿಸಲಾಯಿತು. ಆಗಸ್ಟ್‌ನಲ್ಲಿ ಆತ ಮರಳಿದಾಗ ಎದುರಿಗೆ ಥೇಟ್ ಅವನಂತೆಯೇ ವೇಷ ತೊಟ್ಟ ಇನ್ನೊಬ್ಬ ಅಂಡರ್‌ಟೇಕರ್! 1996ರ ಅಕ್ಟೋಬರ್‌ನಲ್ಲಿ ಜೀವಂತ ಹೂಳುವ ಪಂದ್ಯ. ಮಣ್ಣು ಮುಚ್ಚಿದ ಗುಂಡಿಯಿಂದ ಕೊನೆಗೆ ಒಂದು ಕೈ ಮೇಲೆದ್ದು ಬಂತು. ಇಷ್ಟನ್ನು ಯಾರೋ ಒಬ್ಬ ಪಟ್ಟಣದ ಹುಡುಗ ನೋಡಿ ಬಂದು ಹೇಳಿದರೆ, ಕೇಳಿದವರು ಅದಕ್ಕೆ ಇನ್ನೆರಡು ಸಾವು ಸೇರಿಸಿ ದಾಟಿಸುತ್ತಿದ್ದರು.

ಅದೇ 1996ರಲ್ಲಿ ‘ಖಿಲಾಡಿಯೋಂ ಕಾ ಖಿಲಾಡಿ’ ಹಿಂದಿ ಚಿತ್ರ ಬಂತು. ಅಕ್ಷಯ್ ಕುಮಾರ್ ಅದರಲ್ಲಿ ಅಂಡರ್‌ಟೇಕರ್‌ನನ್ನು ಎತ್ತಿ ಬಿಸುಡುತ್ತಾರೆ. ಆ ಪಾತ್ರ ಮಾಡಿದ್ದು ಬ್ರಯಾನ್ ಲೀ, 1994ರಲ್ಲಿ ನಕಲಿ ಅಂಡರ್‌ಟೇಕರ್ ಆಗಿದ್ದ ಅದೇ ಮನುಷ್ಯ. ಈ ಸತ್ಯ ಗೊತ್ತಾಗಲು ಹಲವರಿಗೆ ಇಂಟರ್‌ನೆಟ್ ಬರುವವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಅಕ್ಷಯ್ ಗೆದ್ದದ್ದು ದಿಟವೋ ಅಲ್ಲವೋ ಎಂದು ಆಟದ ಬಯಲಿನಲ್ಲಿ ಎಷ್ಟು ಜಗಳಗಳಾದವೋ!

ಈ ಕುಸ್ತಿಯ ಇತಿಹಾಸ ಸಂಕ್ಷೇಪವಾಗಿ ಹೀಗೆ. ಹತ್ತೊಂಬತ್ತನೇ ಶತಮಾನದ ಅಮೆರಿಕದ ಊರೂರು ಸುತ್ತುವ ಮೇಳಗಳಲ್ಲಿ ಬೆಳೆದ ಕುಸ್ತಿ, 1920ರ ದಶಕದ ಹೊತ್ತಿಗೆ ಫಲಿತಾಂಶ ಮೊದಲೇ ಗೊತ್ತುಮಾಡಿಕೊಂಡ ಪ್ರದರ್ಶನವಾಯಿತು. ನಮ್ಮ ಕಡೆಯಿಂದ ಪೈಲ್ವಾನ್ ಗಾಮಾ 1910ರಲ್ಲಿ ಲಂಡನ್ನಿಗೆ ಹೋಗಿ ಪೋಲೆಂಡಿನ ಜಟ್ಟಿ ಜ್ಬಿಸ್ಕೊ ಜೊತೆ ಸೆಣಸಿದರು. ದಾರಾ ಸಿಂಗ್ 1968ರ ಮೇ 29ರಂದು ಮುಂಬೈಯಲ್ಲಿ ಅಮೆರಿಕದ ಲೂ ಥೆಸ್‌ರನ್ನು ಸೋಲಿಸಿದರು. 1985ರಲ್ಲಿ ನ್ಯೂಯಾರ್ಕಿನಲ್ಲಿ ಡಬ್ಲ್ಯುಡಬ್ಲ್ಯುಎಫ್‌ನ ದೊಡ್ಡ ವಾರ್ಷಿಕ ಪ್ರದರ್ಶನವಾದ ರೆಸಲ್‌ಮೇನಿಯಾ ಮೊದಲ ಬಾರಿಗೆ ನಡೆಯಿತು. ಅದಕ್ಕೂ ಎಷ್ಟೋ ಮುಂಚೆ, ಹನ್ನೆರಡನೇ ಶತಮಾನದಲ್ಲೇ, ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಕಾಳಗವನ್ನು ಅರಸರ ವಿನೋದಗಳ ಸಾಲಿನಲ್ಲಿಟ್ಟು, ಮಲ್ಲರ ದರ್ಜೆ, ಆಹಾರ, ಅಭ್ಯಾಸಗಳನ್ನು ವಿವರಿಸಿದ್ದಾನೆ.

‘ಎಲ್ಲಾ ಸುಳ್ಳು ಕಣೋ, ಮೊದಲೇ ಮಾತಾಡ್ಕೊಂಡಿರ್ತಾರೆ.’ ಟಿ.ವಿ. ಮುಂದೆ ಕೂತ ಪ್ರತಿ ಹುಡುಗನೂ ಮನೆಯ ಹಿರಿಯರಿಂದ ಕೇಳಿದ ಮಾತಿದು. ಇದರಲ್ಲಿ ಗುಟ್ಟೇನೂ ಉಳಿದಿಲ್ಲ. 1989ರಲ್ಲಿ ನ್ಯೂಜೆರ್ಸಿ ರಾಜ್ಯದ ಶಾಸಕರ ಮುಂದೆ ಸಂಸ್ಥೆಯೇ ತನ್ನದು ಮನರಂಜನೆ, ಸ್ಪರ್ಧೆಯಲ್ಲ ಎಂದು ಒಪ್ಪಿಕೊಂಡಿತು. ಕ್ರೀಡಾ ಆಯೋಗದ ನಿಯಂತ್ರಣ, ತೆರಿಗೆಗಳಿಂದ ಪಾರಾಗುವುದು ಅದರ ಉದ್ದೇಶವಾಗಿತ್ತು. ಗೆಲುವು ಗೊತ್ತುಮಾಡಿದ್ದು. ಬೀಳುವುದು ಮಾತ್ರ ನಿಜ.

ಈ ಬೀಳುವ ವಿದ್ಯೆಯನ್ನು ಹತ್ತಿರದಿಂದ ನೋಡಿದವರಿಗೆ ಆ ಕಸುಬಿನ ಮೇಲೆ ಗೌರವ ಹುಟ್ಟದೆ ಇರದು. ಇಪ್ಪತ್ತು ಅಡಿ ಚೌಕದ ರಿಂಗಿನ ನೆಲದಲ್ಲಿ ಉಕ್ಕಿನ ತೊಲೆ, ಅದರ ಮೇಲೆ ಮರದ ಹಲಗೆ, ತೆಳುವಾದ ಫೋಮ್, ಮೇಲೊಂದು ಕ್ಯಾನ್ವಾಸ್, ಅಷ್ಟೇ. ಹೊಸಬರಿಗೆ ಮೊದಲು ಕಲಿಸುವುದು ಹೊಡೆಯುವುದನ್ನಲ್ಲ, ಬೆನ್ನಡಿಯಾಗಿ ಬೀಳುವುದನ್ನು. ಗದ್ದವನ್ನು ಎದೆಗೆ ಒತ್ತಿ ಹಿಡಿಯಬೇಕು, ಇಲ್ಲವಾದರೆ ತಲೆಯ ಹಿಂಭಾಗ ಹಲಗೆಗೆ ಬಡಿಯುತ್ತದೆ. ಉಸಿರು ಹೊರಬಿಡುತ್ತ ಬೀಳಬೇಕು. ಬೆನ್ನಿನ ಮೇಲ್ಭಾಗ ಅಗಲವಾಗಿ ತಾಗುವ ಕ್ಷಣಕ್ಕೆ ಸರಿಯಾಗಿ ಎರಡೂ ತೋಳುಗಳನ್ನು ನೆಲಕ್ಕೆ ಅಪ್ಪಳಿಸಿದರೆ ಪೆಟ್ಟು ಮೈತುಂಬ ಹರಡಿಕೊಳ್ಳುತ್ತದೆ. ಸದ್ದೂ ಜೋರಾಗಿ ಕೇಳುತ್ತದೆ. ಎದುರಾಳಿಯನ್ನು ತಲೆಕೆಳಗಾಗಿ ಎತ್ತಿದವನ ಕೈಯಲ್ಲಿ ಅವನ ಕತ್ತು ಇರುತ್ತದೆ. ಮುಂದಿನ ಪಟ್ಟು ಯಾವುದೆಂದು ಪಿಸುಗುಟ್ಟಿಕೊಳ್ಳುವುದು, ರೆಫರಿ ಮೂಲಕ ಸಮಯದ ಸೂಚನೆ ದಾಟಿಸುವುದು, ಇವೆಲ್ಲ ಸಾವಿರಾರು ಪ್ರೇಕ್ಷಕರ ಕಣ್ಣಿನ ಮುಂದೆಯೇ ನಡೆಯಬೇಕು.

1998ರ ಜೂನ್ 28ರಂದು ಪಿಟ್ಸ್‌ಬರ್ಗಿನಲ್ಲಿ ಅಂಡರ್‌ಟೇಕರ್, ಹದಿನಾರು ಅಡಿಯ ಪಂಜರದ ನೆತ್ತಿಯಿಂದ ಎದುರಾಳಿ ಮಿಕ್ ಫೋಲಿಯನ್ನು ಕೆಳಗಿನ ಮೇಜಿನ ಮೇಲೆ ಎಸೆದರು. ಹಾಗೆ ಬಿದ್ದದ್ದು ಮೊದಲೇ ಯೋಜಿಸಿದ್ದು. ಫೋಲಿ ಮತ್ತೆ ಮೇಲೆ ಹತ್ತಿದಾಗ ಪಂಜರದ ಛಾವಣಿಯೇ ಕಿತ್ತುಹೋಗಿ ರಿಂಗಿನೊಳಗೆ ಬಿದ್ದದ್ದು ಯಾರೂ ಎಣಿಸಿರದ ಅವಘಡ. ಮರುವರ್ಷ ಮೇ 23ರಂದು ಕ್ಯಾನ್ಸಸ್ ಸಿಟಿಯಲ್ಲಿ ಇನ್ನೊಬ್ಬ ಕುಸ್ತಿಪಟು ಓವನ್ ಹಾರ್ಟ್, ಛಾವಣಿಯಿಂದ ಹಗ್ಗದಲ್ಲಿ ಇಳಿದು ಬರುವ ದೃಶ್ಯಕ್ಕೆ ಸಿದ್ಧರಾಗುತ್ತಿದ್ದಾಗ ಕೊಂಡಿ ಬಿಚ್ಚಿಕೊಂಡು 78 ಅಡಿ ಕೆಳಗೆ ಬಿದ್ದು ತೀರಿಕೊಂಡರು. ಇದೆಲ್ಲ ಸುಳ್ಳು ಎನ್ನುವವರು ಈ ಎರಡು ಹೆಸರುಗಳನ್ನೂ ಕೇಳಿರಬೇಕು.

ಗೆಲುವು ಮೊದಲೇ ಗೊತ್ತಿದ್ದರೂ ಆಟಕ್ಕೆ ಬೆಲೆಯಿದೆ ಎಂದು ಚಿಂತಾಮಣಿ ಸೀಮೆಯ ಜನಕ್ಕೆ ಒಪ್ಪಿಸುವುದು ಕಷ್ಟವಾಗಬಾರದು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಊರವರೇ ಬಣ್ಣ ಹಚ್ಚಿ ರಾತ್ರಿಯಿಡೀ ಆಡುವ ‘ಕುರುಕ್ಷೇತ್ರ’ ನಾಟಕವನ್ನು ಯಾರು ನೋಡಿಲ್ಲ? ದುರ್ಯೋಧನನ ತೊಡೆ ಮುರಿಯುತ್ತದೆಂಬುದು ಮಡಿಲ ಕೂಸಿಗೂ ಗೊತ್ತು. ಆದರೂ ಬೆಳಗಿನ ಜಾವದ ಗದಾಯುದ್ಧಕ್ಕಾಗಿ ಕಂಬಳಿ ಹೊದ್ದು ಎಚ್ಚರವಿರುತ್ತಾರೆ. ಭೀಮ ಗದೆ ಬೀಸಿದಾಗ ಶಿಳ್ಳೆ, ದುರ್ಯೋಧನ ಸೆಟೆದು ನಿಂತು ಕಂದ ಪದ್ಯ ಹೇಳಿದಾಗ ‘ಒನ್ಸ್ ಮೋರ್’. ಇದೇ ತಾಲ್ಲೂಕಿನ ಕೈವಾರವನ್ನು ಮಹಾಭಾರತದ ಏಕಚಕ್ರಪುರ ಎಂದು ನಂಬಲಾಗಿದೆ. ಅಲ್ಲಿನ ಬೆಟ್ಟದಲ್ಲೇ ಭೀಮ ಬಕಾಸುರನನ್ನು ಕೆಡವಿದ್ದು ಎಂಬುದು ಸ್ಥಳಪುರಾಣ. ಭೀಮಲಿಂಗೇಶ್ವರ ಗುಡಿಯೂ ಇದೆ. ಗಾಡಿಗಟ್ಟಲೆ ಅನ್ನವನ್ನು ಎದುರಾಳಿಯ ಮುಂದೆಯೇ ಕೂತು ಉಂಡು, ಅವನನ್ನು ರೇಗಿಸಿ, ಆಮೇಲೆ ತೋಳೇರಿಸಿದ ಭೀಮನಿಗಿಂತ ಚೆನ್ನಾಗಿ ಪಂದ್ಯಕ್ಕೆ ಕಾವು ಏರಿಸಿದವರು ಯಾವ ರಿಂಗಿನಲ್ಲಿದ್ದಾರೆ?

ಮನಸ್ಸು ಕಹಿಯಾಗುವುದು ನಿಜವಾದ ಕುಸ್ತಿಯ ಪಾಡು ನೆನೆದಾಗ. ವಿಜಯದಶಮಿಯ ದಿನ ಮೈಸೂರು ಅರಮನೆಯಲ್ಲಿ ತಲೆ ಬೋಳಿಸಿಕೊಂಡ ಜೆಟ್ಟಿಗಳು ವಜ್ರಮುಷ್ಟಿ ಕಾಳಗಕ್ಕೆ ಇಳಿಯುತ್ತಾರೆ, ಮೊದಲ ಹನಿ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. ದಸರೆಯ ನಾಡಕುಸ್ತಿಗೆ ಜೋಡಿ ಕಟ್ಟುವ ದಿನ ಹಳೇ ವಸ್ತಾದರು ಬಂದು ಪೈಲ್ವಾನರ ಮೈಕಟ್ಟು ತೂಗಿ ನೋಡುತ್ತಾರೆ. ಆ ಮೈಸೂರಿನ ಗರಡಿಯಿಂದಲೇ ಚಿತ್ರರಂಗಕ್ಕೆ ಬಂದವರು ಎಂ.ಪಿ. ಶಂಕರ್, ‘ಸತ್ಯ ಹರಿಶ್ಚಂದ್ರ’ದ ವೀರಬಾಹುವಾಗಿ ಅವರನ್ನು ಎಲ್ಲರೂ ಬಲ್ಲರು, ಕುಸ್ತಿಪಟುವಾಗಿ ಬಲ್ಲವರು ಕಡಿಮೆ. ಬಾಗಲಕೋಟೆ ಜಿಲ್ಲೆಯ ಅರ್ಜುನ್ ಹಲಕುರ್ಕಿ 2020ರಲ್ಲಿ ದೆಹಲಿಯ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಗ್ರೀಕೊ–ರೋಮನ್ 55 ಕಿಲೊ ವಿಭಾಗದ ಕಂಚು ಗೆದ್ದರು. ಅವರ ಎದೆಯ ಸುತ್ತಳತೆ ಎಷ್ಟು, ಗೆದ್ದ ಪಂದ್ಯಗಳೆಷ್ಟು ಎಂದು ಬಾಯಿಪಾಠ ಹೇಳಬಲ್ಲ ಮಗು ರಾಜ್ಯದಲ್ಲಿ ಒಂದಾದರೂ ಇದ್ದೀತೇ? ಅವರ ಚಿತ್ರದ ಕಾರ್ಡನ್ನು ಯಾರೂ ಅಚ್ಚು ಹಾಕಿಸಲಿಲ್ಲವಲ್ಲ.

ಡಬ್ಲ್ಯುಡಬ್ಲ್ಯುಇ ತಂಡ 2002ರಲ್ಲಿ ಮುಂಬೈ ಜೊತೆಗೆ ಬೆಂಗಳೂರಿಗೂ ಬಂದಿತ್ತು. ಮುರುಗಮಲ್ಲದಿಂದ ನೂರು ಕಿಲೋಮೀಟರಿನೊಳಗಿನ ದೂರ. ಕಾರ್ಡು ಆಡಿ ಬೆಳೆದ ಹಳ್ಳಿ ಹುಡುಗರಿಗೆ ಆ ದೂರವೂ ಟಿಕೆಟಿನ ದರವೂ ಎಟುಕುವಂಥದ್ದಾಗಿರಲಿಲ್ಲ. ಆಮೇಲೆ ಭಾರತದಲ್ಲಿ ಅವರ ಪ್ರದರ್ಶನ ನಡೆದದ್ದು 2016ರಲ್ಲಿ, ದೆಹಲಿಯಲ್ಲಿ. 2023ರ ಸೆಪ್ಟೆಂಬರ್ 8ರಂದು ಹೈದರಾಬಾದಿಗೆ ಜಾನ್ ಸೀನಾ ಬಂದುಹೋದರು. ಅಂಡರ್‌ಟೇಕರ್ 2020ರಲ್ಲೇ ವಿದಾಯ ಹೇಳಿಯಾಗಿತ್ತು. ಹಲ್ಕ್ ಹೋಗನ್ 2025ರ ಜುಲೈ 24ರಂದು ತೀರಿಕೊಂಡರು.

ಅದೇ ವರ್ಷದ ಏಪ್ರಿಲ್‌ನಿಂದ ಭಾರತದಲ್ಲಿ ಈ ಕುಸ್ತಿ ಕೇಬಲ್ ಬಿಟ್ಟು ನೆಟ್‌ಫ್ಲಿಕ್ಸ್‌ಗೆ ಹೋಗಿದೆ. ರಿಮೋಟ್ ತಿರುಗಿಸುವಾಗ ಅಕಸ್ಮಾತ್ತಾಗಿ ಕಣ್ಣಿಗೆ ಬೀಳುವ, ಹೋಟೆಲಿನ ಟಿ.ವಿ. ಮುಂದೆ ಗುಂಪು ಕಟ್ಟಿಸುವ ಕಾಲ ಅಲ್ಲಿಗೆ ಮುಗಿಯಿತು. ಚಂದಾ ಕಟ್ಟಿದ ಮನೆಯ ಮಕ್ಕಳು ನೋಡುತ್ತಾರೆ. ಉಳಿದವರಿಗೆ ರೀಲ್ಸ್‌ನಲ್ಲಿ ಸಿಕ್ಕಷ್ಟು ತುಣುಕು. ಈಗಿನ ಚಾಂಪಿಯನ್ನರ ಹೆಸರು ಕೇಳಿದರೆ ಕಾರ್ಡಿನ ತಲೆಮಾರಿನ ಅಪ್ಪಂದಿರೇ ತಡವರಿಸುತ್ತಾರೆ. ಈ ಅಪ್ಪಂದಿರಿಗೆ ಈಗ ಬೈಕುಗಳಿವೆ, ಕೈಯಲ್ಲಿ ನಾಲ್ಕು ಕಾಸಿದೆ. ಕೈವಾರದ ಜಾತ್ರೆಗೋ ಚಿಂತಾಮಣಿಯ ಬಯಲಿಗೋ ಮೈಸೂರಿನ ನಾಲ್ಕು ಜೋಡಿ ಪೈಲ್ವಾನರನ್ನು ಕರೆಸಿ ಒಂದು ಮಟ್ಟಿ ಹಾಕಿಸಿದರೆ, ಮಕ್ಕಳನ್ನು ಮುಂದೆ ಕೂರಿಸಿಕೊಂಡು ಮೊದಲು ಬಂದು ತಲುಪುವವರು ಇವರೇ.