ಕಥೆ ಹೇಳುವವನನ್ನು ಎಷ್ಟು ನಂಬಬೇಕು?

ಓಟದ ಕಾದಂಬರಿಯನ್ನು ಕೈಗೆತ್ತಿಕೊಂಡವರು ನಡುವೆ ನಿಂತು ವಿಚಾರಿಸುವುದು ಅಪರೂಪ. ಮುಂದೇನಾಯಿತೆಂಬ ಆತುರವೇ ಹಾಳೆಗಳನ್ನು ತಿರುವಿಸುತ್ತದೆ. ಇಂಗ್ಲಿಷಿನಲ್ಲಿ ಅಂಥದೊಂದು ಗ್ರಂಥ, ವಿಲಿಯಂ ಗಾಡ್ವಿನ್ನನು 1794ರಲ್ಲಿ ಪ್ರಕಟಿಸಿದ ‘ಕೇಲೆಬ್ ವಿಲಿಯಮ್ಸ್’. ಗಾಡ್ವಿನ್ನನು ರಾಜ್ಯನೀತಿಯನ್ನು ಕುರಿತು ಬರೆದ ತತ್ತ್ವಜ್ಞ. ಇಂಥವನಿಂದ ನಿದ್ದೆಗೆಡಿಸುವ ಕಥೆಯನ್ನು ಯಾರೂ ನಿರೀಕ್ಷಿಸಲಾರರು. ಅವನು ಕಥೆಯ ಮೂರನೆಯ ಸಂಪುಟವನ್ನು ಮೊದಲು ಕಲ್ಪಿಸಿಕೊಂಡು, ಅಲ್ಲಿಂದ ಹಿಂದಕ್ಕೆ ಕಾರಣಗಳನ್ನು ಹೆಣೆಯುತ್ತ ಬಂದನಂತೆ. ವೇಗದ ಗುಟ್ಟು ಇಲ್ಲಿದೆ.

ಕೇಲೆಬನು ಬಡ ಒಕ್ಕಲಿನ ಮಗ, ತಬ್ಬಲಿ. ಫಾಕ್‌ಲೆಂಡ್ ಎಂಬ ಜಮೀನ್ದಾರನ ಮನೆಯಲ್ಲಿ ಬರಹದ ಕೆಲಸಕ್ಕೆ ಸೇರಿದನು. ಆ ಮನೆಯಲ್ಲೊಂದು ಕಬ್ಬಿಣದ ಪೆಟ್ಟಿಗೆ. ಯಜಮಾನನ ಮನಸ್ಸಿನಲ್ಲೊಂದು ರಹಸ್ಯ. ಟಿರೆಲ್ ಎಂಬ ನೆರೆಯ ಜಮೀನ್ದಾರನನ್ನು ಇರಿದು ಕೊಂದವನು ಫಾಕ್‌ಲೆಂಡನೇ. ಆ ತಪ್ಪಿಗೆ ನೇಣುಗಂಬವೇರಿದವರು ನಿರಪರಾಧಿಗಳಾದ ತಂದೆ ಮಕ್ಕಳು. ಇದನ್ನು ತಿಳಿದ ಆಳು ಬದುಕುವುದೆಂತು? ಕಳ್ಳತನದ ಆರೋಪ, ಸೆರೆಮನೆ, ಪಲಾಯನ, ವೇಷಾಂತರ, ಎಲ್ಲವೂ ಒಂದರ ಮೇಲೊಂದು ಬರುತ್ತವೆ. ಲಂಡನ್ನಿನ ಬೀದಿಯಲ್ಲಿ ಅವನದೇ ಚರಿತ್ರೆಯನ್ನು ಅರೆಕಾಸಿಗೊಂದರಂತೆ ಕೂಗಿ ಮಾರುತ್ತಿರುತ್ತಾರೆ! ಬಲವಿಲ್ಲದವನ ಕಥೆಯನ್ನು ಇತರರು ಮೊದಲೇ ಅಚ್ಚುಹಾಕಿಸಿರುತ್ತಾರೆ.

ಈಗ ಪ್ರಶ್ನೆ. ಇದನ್ನೆಲ್ಲ ಹೇಳುವವನು ಕೇಲೆಬನೇ. ಅವನ ಮಾತಿಗೆ ಸಾಕ್ಷಿ ಯಾರು? ಮೊದಲ ಸಂಪುಟದ ಬಹುಭಾಗ ಅವನು ಕಣ್ಣಾರೆ ಕಂಡದ್ದಲ್ಲ. ಮನೆಯ ಪಾರುಪತ್ಯಗಾರನಿಂದ ಕೇಳಿದ್ದು. ಅದಕ್ಕೆ ಬೇರೆ ಕಡೆಯ ಸುದ್ದಿಗಳನ್ನೂ ಸೇರಿಸಿ ತನ್ನ ಮಾತಿನಲ್ಲಿಯೇ ಹೇಳುತ್ತೇನೆಂದು ಒಪ್ಪಿಕೊಳ್ಳುತ್ತಾನೆ. ಮನೆಗೆ ಬೆಂಕಿ ಬಿದ್ದ ಗದ್ದಲದಲ್ಲಿ ಪೆಟ್ಟಿಗೆಯ ಬೀಗ ಮುರಿದವನೂ ಅವನೇ. ಅದರೊಳಗೆ ಏನಿತ್ತು? ಕೊಲೆಯ ಕುರುಹು ಎಂದು ಒಮ್ಮೆ ಭಾವಿಸುತ್ತಾನೆ. ಕಡೆಯಲ್ಲಿ, ಫಾಕ್‌ಲೆಂಡನು ಬರೆದಿಟ್ಟ ವೃತ್ತಾಂತವಿದ್ದೀತೆನ್ನುತ್ತಾನೆ. ನಾವು ನೋಡುವುದೇ ಇಲ್ಲ. ಓಡುತ್ತಿರುವ ವಾಚಕನಿಗೆ ಇದು ಹೊಳೆಯುವುದೂ ಇಲ್ಲ.

ಹಾಗಾದರೆ ಅವನು ಸುಳ್ಳನೆ? ತರಗತಿಯಲ್ಲಿ ಈ ಮಾತು ಬಂದಾಗಲೆಲ್ಲ ಬುದ್ಧಿವಂತರಾದ ಹುಡುಗರು ಹೌದೆನ್ನಲು ಮುಂದಾಗುತ್ತಾರೆ. ನನಗೆ ಅಲ್ಲಿ ಅಳುಕು. ಕೇಲೆಬನು ನಿಜವನ್ನು ಮ್ಯಾಜಿಸ್ಟ್ರೇಟನ ಮುಂದೆ ಹೇಳಿದಾಗ, ಯಜಮಾನನ ಮೇಲೆ ಆಳು ದೂರುವುದುಂಟೆ ಎಂದು ಅವನು ಕಿವಿಗೊಡುವುದಿಲ್ಲ. ನಾವೂ ಸಂಶಯಿಸಿದರೆ ಆ ಪೀಠದಲ್ಲಿಯೇ ಕುಳಿತಂತಾಗಲಿಲ್ಲವೆ? ಬಲಹೀನನ ಮಾತಿಗೆ ಬೆಲೆಯಿಲ್ಲದಿರುವುದು ಬೇರೆ, ಮಾತು ಅಪೂರ್ಣವಾಗಿರುವುದು ಬೇರೆ. ಕೇಲೆಬನಲ್ಲಿ ಇವೆರಡೂ ಕೂಡಿವೆ. ಬಿಡಿಸಿ ನೋಡುವ ಶ್ರಮ ನಮ್ಮದು. ಆದುದರಿಂದ ಒಂದು ಸಲ ಓಡಿ ಓದಿ, ಇನ್ನೊಂದು ಸಲ ನಿಧಾನವಾಗಿ ಓದಬೇಕು.

ಗಾಡ್ವಿನ್ನನಿಗೂ ಇದು ಸುಲಭವಾಗಿರಲಿಲ್ಲ. ಅವನು ಮೊದಲು ಬರೆದ ಮುಕ್ತಾಯದಲ್ಲಿ ಕೇಲೆಬನ ದೂರು ಬಿದ್ದುಹೋಗಿ, ಅವನು ಸೆರೆಯಲ್ಲಿ ಬುದ್ಧಿಗೆಡುತ್ತಾನೆ. ಅದನ್ನು ಬಿಟ್ಟು ಅಚ್ಚಿಗೆ ಕೊಟ್ಟದ್ದರಲ್ಲಿ ಫಾಕ್‌ಲೆಂಡನು ತಪ್ಪೊಪ್ಪಿ ಮೂರು ದಿನಗಳಲ್ಲಿ ಸಾಯುತ್ತಾನೆ. ಗೆದ್ದ ಕೇಲೆಬನಾದರೋ ಅವನ ಸಾವಿಗೆ ತಾನೇ ಕೊಲೆಗಾರನೆಂದು ತನ್ನನ್ನು ದೂರಿಕೊಳ್ಳುತ್ತಾನೆ. ತನ್ನ ಹೆಸರಿನ ಕಳಂಕ ತೊಳೆಯಲೆಂದು ಬರೆಯಹೊರಟವನಿಗೆ, ಬರೆದು ಮುಗಿಸುವ ಹೊತ್ತಿಗೆ ತೊಳೆಯಲು ಹೆಸರೇ ಉಳಿದಿರಲಿಲ್ಲ.