ಕಚ್ಚದ ಹಾವು, ಬಿಡದ ಭಯ

ಹಿರೇನಲ್ಲೂರಿನ ಒಂದು ತೆಂಗಿನ ತೋಟ ಅಂದ್ಕೊಳ್ಳಿ. ರಾತ್ರಿ ಕರೆಂಟ್ ಬಂತು, ಮೋಟರ್ ಹಾಕೋಕೆ ಹೋದ್ರಿ. ಸ್ಟಾರ್ಟರ್ ಡಬ್ಬಿ ಕೆಳಗೆ ಕೊಳಕುಮಂಡಲ ಬುಸ್ ಅಂತು. ಕಚ್ಚಲಿಲ್ಲ. ಆದ್ರೂ ಮಾರನೇ ದಿನದಿಂದ ಡಬ್ಬಿ ಕಂಡ್ರೇ ಎದೆ ಡವಡವ. ಡಬ್ಬಿ ಏನ್ ಮಾಡಿತ್ತು, ಪಾಪ!

ಮಿದುಳಿನ ಅಮಿಗ್ಡಲ ಅನ್ನೋ ಭಾಗಕ್ಕೆ ಹಾವು, ಡಬ್ಬಿ ಎರಡರ ಸುದ್ದಿಯೂ ಒಟ್ಟಿಗೇ ತಲುಪುತ್ತೆ. ಗ್ಲುಟಮೇಟ್ ಎಂಬ ರಾಸಾಯನಿಕ ಅಲ್ಲಿನ ನರಕೋಶಗಳ ಕೊಂಡಿ ಬಿಗಿ ಮಾಡುತ್ತೆ. ನಾರ್‌ಅಡ್ರಿನಲಿನ್ ಅನ್ನೋ ಇನ್ನೊಂದು ರಾಸಾಯನಿಕ ಆ ನೆನಪನ್ನ ಇನ್ನಷ್ಟು ಗಟ್ಟಿಯಾಗಿಸುತ್ತೆ.

ಒಂದು ಸಲದ ಒತ್ತಡ ಅಮಿಗ್ಡಲವನ್ನ ಏನ್ ಮಾಡುತ್ತೆ ಅಂತ ನೋಡೋಕೆ, ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಯಲ್ಲಿ ಸುಮಂತ್ರ ಚಟರ್ಜಿ ಅವರ ತಂಡ ಇಲಿಗಳನ್ನ ಒಂದೇ ಸಲ, 2 ಗಂಟೆ ಅಲುಗಾಡದಂತೆ ಹಿಡಿದಿಟ್ಟಿತು. ಮಾರನೇ ದಿನ ಅಮಿಗ್ಡಲದಲ್ಲಿ ಏನೂ ಬದಲಾವಣೆ ಇಲ್ಲ. 10 ದಿನ ಬಿಟ್ಟು ನೋಡಿದ್ರೆ ನರಕೋಶಗಳ ಮೇಲೆ ಮುಳ್ಳಿನಂಥ ಹೊಸ ಚಾಚುಗಳು ಮೂಡಿದ್ದವು, ಇಲಿಗಳ ಆತಂಕವೂ ಏರಿತ್ತು! 2005ರಲ್ಲಿ ಪ್ರಕಟವಾದ ಕೆಲಸ ಇದು. ನನಗಂತೂ ಆ ತಡವೇ ಸೋಜಿಗ.

ಡಬ್ಬಿಗೆ ಅಂಟಿಕೊಂಡ ಭಯದ ನೆನಪು ಸುಲಭಕ್ಕೆ ಅಳಿಸೋದಿಲ್ಲ. ಹಗಲಲ್ಲಿ, ಜೊತೆಗೊಬ್ಬರನ್ನ ಕರ್ಕೊಂಡು ಮತ್ತೆ ಮತ್ತೆ ಅದೇ ಜಾಗಕ್ಕೆ ಹೋದ್ರೆ, ‘ಇಲ್ಲೇನೂ ಆಗಲ್ಲ’ ಅನ್ನೋ ಹೊಸ ಕಲಿಕೆ ಹಳೇದನ್ನ ಅದುಮಿಡುತ್ತೆ. ವಾರಗಟ್ಟಲೆ ನಿದ್ದೆ ಕೆಡ್ತಿದ್ರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.